ಯಜಮಾನರ ಹೆಸರಿಗೆ ಹರಕು ಅಂಟಿಸಿದ ಕೋಡ್ ಸಾಲಿಗೆ

ಮಾನ್ಯರೇ,

ಅಕ್ಕನ ಹೊಲಿಗೆ ಅಂಗಡಿಯ ವೆಬ್‌ಸೈಟಿನೊಳಗೆ ಓರೆಗೆರೆ, ಚುಕ್ಕಿ, ನಕ್ಷತ್ರಗಳನ್ನು ತೊಟ್ಟು ಕೋಡಿನ ಸಾಲಾಗಿ ವಿರಾಜಮಾನರಾಗಿರುವ ತಮಗೆ ಬಾಗಿಲ ಮರೆಯಲ್ಲಿ ನಿಂತೇ ನಮಸ್ಕರಿಸುತ್ತೇನೆ. ಎದುರು ಬಂದು ಮಾತಾಡುವಷ್ಟು ಧೈರ್ಯ ನನಗಿಲ್ಲ.

ತಮ್ಮನ್ನು ಬರೆದವರು ನಮ್ಮ ಭಾವ. ಗಿರಾಕಿಗಳು ಯಾವ ಅಂಗಡಿಯ ಪುಟದಿಂದ ನಮ್ಮಲ್ಲಿಗೆ ಬಂದರೋ ಅದರ ವಿಳಾಸ ಓದಿ, ಜೋಡಿ ಓರೆಗೆರೆಯಿಂದ (//) ಮುಂದಿನ ಓರೆಗೆರೆಯವರೆಗಿನ (/) ಹೆಸರನ್ನಷ್ಟೇ ಕತ್ತರಿಸಿ ಕೊಡುವುದು ತಮ್ಮ ಕೆಲಸ. ಆ ಹೆಸರಿಗೆ ಅಕ್ಕ ನಮ್ಮ ಪುಟದಲ್ಲಿ ವಂದನೆ ಹೇಳುತ್ತಾಳೆ. ತಾವೋ, ಮುಂದಿನ ಓರೆಗೆರೆ ಎದುರಾದರೂ ಇನ್ನೊಂದು ಇದ್ದೀತೆಂದು ಕೊನೆಯದರ ತನಕ ನುಂಗುತ್ತಲೇ ಹೋದಿರಿ. ಇಂಥ ಜೀರ್ಣಶಕ್ತಿ ನಮ್ಮ ದೊಡ್ಡಪ್ಪನಿಗೂ ಇಲ್ಲ.

ಹೀಗಾಗಿ, ನಮಗೆ ಸದಾ ಗಿರಾಕಿಗಳನ್ನು ಕಳುಹಿಸುವ ಬಟ್ಟೆ ಅಂಗಡಿಯ ಯಜಮಾನರ ಹೆಸರಿನ ಬಾಲಕ್ಕೆ ಅವರ ಅಗ್ಗದ ಮಾಲಿನ ಪುಟದ ಹೆಸರೂ ಅಂಟಿಕೊಂಡು, 'ತುಂಡು, ಹರಕು' ಎಂದು ದಪ್ಪ ಅಕ್ಷರಗಳಲ್ಲಿ ಬಂತು. ಅವರು ಅಕ್ಕನ ಮುಂದೆ ಮೊಬೈಲ್ ಹಿಡಿದು, "ನನ್ನ ಹೆಸರಿನ ಪಕ್ಕ ಹರಕು ಅಂತ ಹಾಕ್ಸಿದೀಯಲ್ಲಮ್ಮ, ನಾನೇನು ಮಾಡಿದ್ದೆ ನಿನಗೆ?" ಎಂದರು. ಅಂದಿನಿಂದ ಒಬ್ಬ ಗಿರಾಕಿಯನ್ನೂ ಕಳುಹಿಸಿಲ್ಲ. ಅಕ್ಕನ ಮಿಷನ್ ಮೇಲೆ ಈಗ ಭಾವನ ಪ್ಯಾಂಟಿನ ಹೊರತು ಏನೂ ಇಲ್ಲ; ಅದನ್ನೂ ಸಿಟ್ಟಿನಲ್ಲಿ ಬೇಕೆಂದೇ ಗಿಡ್ಡ ಮಾಡುತ್ತಿದ್ದಾಳೆ.

ಕೊನೆಗೆ ಭಾವ, ಸಿಕ್ಕಷ್ಟೂ ನುಂಗು ಎನ್ನುವ ತಮ್ಮ ನಕ್ಷತ್ರದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಹೊಟ್ಟೆ ತುಂಬಿತೇ ಎಂದು ಯಾರೋ ವಿಚಾರಿಸಿದಂತೆ ತಾವು ಮೊದಲ ಓರೆಗೆರೆಗೇ ಕೈ ತೊಳೆದುಬಿಟ್ಟಿರಿ. ಇಷ್ಟು ಸಣ್ಣ ಮಾತಿಗೆ ಬಗ್ಗುವವರೆಂದು ಮೊದಲೇ ತಿಳಿಸಬಾರದಿತ್ತೇ?

ಆದರೆ ಹೆಸರು ಕೆಡಿಸಿದ್ದು ಚುಕ್ಕಿ ನಕ್ಷತ್ರಗಳೆಂದರೆ ಯಜಮಾನರು ನಂಬುತ್ತಿಲ್ಲ. ಆದಕಾರಣ ತಾವು ದಯಮಾಡಿ ಒಗೆದ ಅಂಗಿ ತೊಟ್ಟು, ಖುದ್ದಾಗಿ ಅವರ ಗಲ್ಲಾದ ಮುಂದೆ ನಿಂತು, ತಪ್ಪು ಅಕ್ಕನದಲ್ಲ, ತಮ್ಮದು ಎಂದು ಹೇಳಿ ಬರಬೇಕು. ಅಳತೆ ಕೊಟ್ಟರೆ ಅಂಗಿ ನಾನೇ ಹೊಲಿಯುತ್ತೇನೆ, ಆ ಹೊಟ್ಟೆಗೆ ಬಟ್ಟೆ ಸಾಲುವುದಾದರೆ.

ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯ ತಂಗಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಯಜಮಾನರೇ ಬಂದರು. ಸರಿಹೋದ ಹೆಸರನ್ನು ಎರಡೆರಡು ಸಲ ಓದಿ, ಭಾವ ತೋರಿಸಿದ ಚಿಹ್ನೆಯನ್ನೂ ನೋಡಿ, ಇಬ್ಬರು ಗಿರಾಕಿಗಳನ್ನು ಬಾಗಿಲಲ್ಲಿ ಬಿಟ್ಟರು. ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ರಸ್ತೆಯಾಚೆಯ ಬಟ್ಟೆ ಅಂಗಡಿಯವರ ಹೆಸರಿಗೆ ಮಾತ್ರ ಆ ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆಸಲಾದೀತೇ ಎಂದು ಕೇಳಿದ್ದಾರೆ. ತಮ್ಮ ಹಸಿವು ಈಗ ಹೇಗಿದೆ?