ಹೇಮಗುಡ್ಡದ ಕಾಡು ಟಗರು

ಕ್ಯಾಮೆರಾ ಕೊಂಡ ತಿಂಗಳೊಳಗೆ ನಾನೊಬ್ಬ ವನ್ಯಜೀವಿ ಛಾಯಾಗ್ರಾಹಕ ಎಂಬುದು ನನಗೆ ಖಚಿತವಾಯಿತು. ಉಳಿದವರಿಗೆ ಇನ್ನೂ ಆಗಿರಲಿಲ್ಲ. ಕುಷ್ಟಗಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದೆ. ಅಲ್ಲಿಗೆ ಭೇಟಿ ಕೊಡುವ ಹಲ್ಲಿ, ಜೇಡ, ಬೆಲ್ಲದ ಮೇಲಿನ ನೊಣ, ಅಕ್ಕಿ ಮೂಟೆಯ ಇಲಿ, ಎಲ್ಲವನ್ನೂ ಅದಾಗಲೇ ಸೆರೆಹಿಡಿದಿದ್ದೆ. ಇಲಿಯ ಫೋಟೋ ಮಾತ್ರ ಗಿರಾಕಿಗಳಿಗೆ ತೋರಿಸಬೇಡಿ ಎಂದು ಹೆಂಡತಿ ಗಿರಿಜಾ ತಾಕೀತು ಮಾಡಿದ್ದಳು.

ಹೀಗಿರುವಾಗ ಕಾರಟಗಿಯಿಂದ ಅವಳ ತಮ್ಮ ಶರಣಪ್ಪ ಫೋನ್ ಮಾಡಿದ. ಮಗಳು ಪೂಜಾಳ ನಿಶ್ಚಯ.

"ಮಾಮಾರ, ಫೋಟೋದವನಿಗೆ ಹೇಳ್ಬೇಕಂತ ಮಾಡೇನಿ. ನಿಮಗ ಯಾರರ ಛಲೋ ಹುಡುಗ ಗೊತ್ತದಾನೇನ್ರಿ?"

"ಯಾರಿಗೂ ಹೇಳಬ್ಯಾಡ. ನಾ ಅದೀನಲ್ಲ!"

"ಹೂಂ... ಆತ್ ಬಿಡ್ರಿ" ಎಂದವನೇ ಫೋನ್ ಇಟ್ಟುಬಿಟ್ಟ. ಈ ಸಂತೋಷದ ಸುದ್ದಿಯನ್ನು ಮನೆಯವರಿಗೆ ಹೇಳುವ ಅವಸರವೆಂದು ನಾನು ತಿಳಿದೆ.

ಗಿರಿಜಾ ಹಾಗೆ ತಿಳಿಯಲಿಲ್ಲ. "ನೋಡ್ರಿ, ಇದು ಇಲಿ ಅಲ್ಲ, ನಮ್ಮ ಪೂಜಾನ ನಿಶ್ಚಯ. ಫೋಟೋ ಕೆಟ್ಟೂ ಅಂದ್ರ ನಾ ಮತ್ತ ತವರಮನಿ ಹೊಸ್ತಲಾ ತುಳಿಯಂಗಿಲ್ಲ" ಎಂದಳು.

"ನೀ ನಿಶ್ಚಿಂತಿ ಇರು" ಎಂದೆ. ನಾನು ಈ ಮಾತು ಹೇಳಿದಾಗಲೆಲ್ಲ ಅವಳಿಗೆ ಚಿಂತೆ ಶುರುವಾಗುತ್ತದೆ. ಕಾರಣಗಳಿವೆ.

ನಿಶ್ಚಯದ ದಿನ ಬೆಳಿಗ್ಗೆ ಅಂಗಡಿಯ ಸಾಮಾನು ಸಾಗಿಸುವ ವ್ಯಾನಿನಲ್ಲೇ ಹೊರಟೆವು. ದಾರಿಯುದ್ದಕ್ಕೂ ಕಲೆ ನನ್ನನ್ನು ಕರೆಯುತ್ತಲೇ ಇತ್ತು. ಗಾಳಿಯಂತ್ರ ಕಂಡಿತು, ನಿಲ್ಲಿಸಿದೆ. ಎಮ್ಮೆಯ ಮೇಲೆ ಕೊಕ್ಕರೆ ಕಂಡಿತು, ನಿಲ್ಲಿಸಿದೆ. ಕೊಕ್ಕರೆ ಇಲ್ಲದ ಎಮ್ಮೆ ಕಂಡಿತು. ಅದಕ್ಕೂ ನಿಲ್ಲಿಸಿದೆ!

"ಎಮ್ಮಿ ನಿಶ್ಚಯ ಐತೇನ್ರಿ ಇವತ್ತ?" ಎಂದು ಗಿರಿಜಾ ಕೇಳಿದಳು. ನಾನು ಕಲಾವಿದರಿಗೆ ಸಲ್ಲುವ ಗಾಂಭೀರ್ಯದಿಂದ ಎಮ್ಮೆಯ ಇನ್ನೊಂದು ಫೋಟೋ ತೆಗೆದೆ.

ಹೇಮಗುಡ್ಡದ ಹತ್ತಿರ ಬಂದಾಗ ಮಾತ್ರ ನನ್ನ ಉಸಿರೇ ನಿಂತಿತು. ರಸ್ತೆಯ ಪಕ್ಕದ ಬಂಡೆಯ ಮೇಲೆ ಒಂದು ಟಗರು! ಸುರುಳಿ ಸುತ್ತಿದ ಕೋಡು, ಪೈಲ್ವಾನನಂಥ ಎದೆ, ಬೆನ್ನ ಹಿಂದೆ ಬೆಳಗಿನ ಸೂರ್ಯ. ಹತ್ತಿರದಲ್ಲಿ ಕುರುಬರಿಲ್ಲ, ಹಿಂಡಿಲ್ಲ, ಹಗ್ಗವಿಲ್ಲ. ಇಂಥದ್ದನ್ನು ನಾನು ಹಿಮಾಲಯದ ವಿಡಿಯೋಗಳಲ್ಲಿ ಮಾತ್ರ ನೋಡಿದ್ದೆ. ಕೊಪ್ಪಳ ಜಿಲ್ಲೆಯಲ್ಲಿ ಕಾಡು ಟಗರು! ಈ ಸಂಗತಿಯನ್ನು ಜಗತ್ತಿಗೆ ತಿಳಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಕೂತಲ್ಲಿಂದಲೇ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ಒಂದು ಫೋಟೋ ತೆಗೆದೆ. ಅಷ್ಟಕ್ಕೇ ಬಿಟ್ಟು ಮುಂದೆ ಹೋಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

"ರೀ, ಅದರ ಕೊಳ್ಳಾಗ ಗೆಜ್ಜಿ ಸರ ಐತ್ರಿ" ಎಂದಳು ಗಿರಿಜಾ.

"ಅದು ಕೂದಲಾ."

"ಕಾಲಾಗ ಕರಿದಾರ ಕಟ್ಯಾರ."

"ಅದು ಮಚ್ಚಿ. ಕಾಡಪ್ರಾಣಿಗೆ ಹಂಗ ಇರ್ತೈತಿ."

"ಕೋಡಿಗೆ ಎಣ್ಣಿ ಹಚ್ಯಾರ್ರಿ, ಮಿಂಚಾಕ ಹತ್ತೈತಿ!"

"ಗಿರಿಜಾ, ನೀ ಸುಮ್ಮ ಕುಂದರು. ಇದು ನಿನಗ ತಿಳಿಯೂ ವಿಷಯ ಅಲ್ಲ."

ಅಷ್ಟರಲ್ಲಿ ಟಗರು ಬಂಡೆಯಿಂದ ಇಳಿದು ರಸ್ತೆಯ ಅಂಚಿಗೆ ಬಂತು. ಪ್ರಾಣಿಯ ಫೋಟೋ ತೆಗೆಯುವವನು ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕೆಂದು ಮೊಬೈಲಿನ ಪಾಠಗಳಲ್ಲಿ ಕೇಳಿದ್ದೆ. ಇಳಿದೆ. ನಿಶ್ಚಯಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ, ಪ್ಯಾಂಟಿನಲ್ಲೇ ಮೊಣಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ತಲೆ ಬಗ್ಗಿಸಿ ಕ್ಯಾಮೆರಾ ಹಿಡಿದೆ. ಟಗರು ನನ್ನನ್ನು ನೋಡಿತು. ಮೆಲ್ಲಗೆ ಹಿಂದೆ ಹಿಂದೆ ಸರಿಯಿತು. ಪಾಪ, ನಾಚಿಕೊಂಡಿತು ಎಂದುಕೊಂಡೆ.

ಟಗರು ಹಿಂದೆ ಸರಿಯುವುದು ನಾಚಿಕೆಯಿಂದಲ್ಲ ಎಂಬುದು ನಮ್ಮ ಕಡೆ ಅಂಗನವಾಡಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅದು ಊರ ಟಗರಿನ ವಿಷಯ, ಇದು ಕಾಡಿನದಲ್ಲವೇ! ಕ್ಯಾಮೆರಾದಲ್ಲಿ ಟಗರು ದೊಡ್ಡದಾಗುತ್ತ ಬಂತು. ನಾನು ಜೂಮ್ ಮಾಡಿರಲಿಲ್ಲ.

ತಿರುಗಿ ಓಡಲು ಎದ್ದೆ. ಪೂರ್ತಿ ಏಳುವ ಕೆಲಸವನ್ನು ಟಗರೇ ಮಾಡಿಸಿತು. ಎಲ್ಲಿ ಹಾಯ್ದಿತು ಎಂದು ಹೇಳುವುದು ಸಭ್ಯವಲ್ಲ. ನಾನೊಂದು ದಿಕ್ಕಿಗೆ, ಕ್ಯಾಮೆರಾ ಇನ್ನೊಂದು ದಿಕ್ಕಿಗೆ ಹಾರಿ, ಇಬ್ಬರೂ ರಸ್ತೆ ಪಕ್ಕದ ನೆಲ್ಲಿನ ಗದ್ದೆಯ ಕೆಸರಿಗೆ ಬಿದ್ದೆವು.

ಆಗ ಬಂಡೆಯ ಹಿಂದಿನಿಂದ ಒಬ್ಬ ಮನುಷ್ಯ ಒಂದು ಕೈಯಲ್ಲಿ ಹಳೆಯ ಟೈರು, ಇನ್ನೊಂದರಲ್ಲಿ ಮೊಬೈಲು ಹಿಡಿದು ಓಡಿ ಬಂದ. ಬಿಡಿಸಲು ಬಂದನೆಂದುಕೊಂಡೆ. ಅವನು ವಿಡಿಯೋ ಮಾಡುತ್ತಿದ್ದ! ವ್ಯಾನಿನ ಮೇಲೆ ಬರೆಸಿದ್ದ ಅಂಗಡಿಯ ಹೆಸರು ಓದಿಕೊಂಡೇ ಕೂಗಿದ.

"ಸಾವ್ಕಾರ್ರ, ಬಗ್ಗಬ್ಯಾಡ್ರಿ! ಬಗ್ಗಿದ್ರ ಮತ್ತ ಬರ್ತೈತಿ!"

ಆದರೆ ಕೆಸರಿನಲ್ಲಿ ಕ್ಯಾಮೆರಾ ಮುಳುಗುತ್ತಿತ್ತು. ಬಗ್ಗಿದೆ. ಮತ್ತೆ ಬಂತು.

ಅವನು ಖಾಜಾಸಾಬ, ಟಗರಿನ ಮಾಲಕ. ಟಗರಿನ ಹೆಸರು ಸುಲ್ತಾನ್, ಸುತ್ತಲಿನ ಕಾಳಗದ ಕಣಗಳಲ್ಲೆಲ್ಲ ಹೆಸರುವಾಸಿ. ದಿನಾ ಬೆಳಿಗ್ಗೆ ಅದಕ್ಕೆ ಇಲ್ಲಿಯೇ ತಾಲೀಮು.

"ನಾ ದಿನಾ ಹಿಂಗ ನೆಲಕ್ಕ ಕೈ ಊರಿ, ತಲಿ ಬಗ್ಗಿಸಿ, ಬಾ ಅಂತ ಕರೀತೀನ್ರಿ. ಅದು ಓಡಿ ಬಂದು ಹಾಯ್ತೈತಿ. ನೀವೂ ಹಂಗ ಕರದ್ರಿ, ಬಂತು. ಅದರದೇನ್ ತಪ್ಪೈತಿ? ಆದ್ರ ನಾ ಮುಂದ ಟೈರ್ ಹಿಡದಿರ್ತೀನಿ."

"ನಾ ಕಾಡ ಟಗರು ಅಂತ ತಿಳಕೊಂಡಿದ್ದೆ" ಎಂದೆ, ಬಾಯಿಯಿಂದ ಕೆಸರು ಉಗುಳುತ್ತ.

ಖಾಜಾಸಾಬನಿಗೆ ಸಿಟ್ಟು ನೆತ್ತಿಗೇರಿತು. "ಕಾಡ ಟಗರಾ? ದಿನಾ ತತ್ತಿ, ಹಾಲು, ಬದಾಮಿ ತಿಂತೈತ್ರಿ ಇದು! ನನ್ನ ಚಹಾಕ್ಕ ಹಾಲಿಲ್ಲಂದ್ರೂ ಇದಕ್ಕ ತಪ್ಸಿಲ್ಲ. ಸರಿಜೋಡಿ ಇಲ್ದ ಕಣಕ್ಕ ಇಳಸಿದವನಲ್ಲ ನಾ. ನಿಮ್ಮಂಥ ಹಗರ ಆಳಿಗೆ ಹಾಯ್ದ್ರ ಇದರ ಮರ್ಯಾದಿ ಏನಾಗ್ಬೇಕು?"

ಎರಡು ಸಲ ಹಾಯಿಸಿಕೊಂಡ ಮೇಲೆ ನಾನೇ ಕ್ಷಮೆ ಕೇಳಿದೆ. ಸುಲ್ತಾನನ ಕಡೆಗೆ ತಿರುಗಿ ಕೇಳಿದೆ, ಬಗ್ಗದೆ.

ಕ್ಯಾಮೆರಾ ಸತ್ತಿತ್ತು. ಒಳಗಿನ ಕಾರ್ಡು ಮಾತ್ರ ಬದುಕಿತ್ತು. ಗಿರಿಜಾ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ವ್ಯಾನಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಪೂಜಾಗ ಏನಂತ ಹೇಳ್ಲಿ? ಫೋಟೋದವನಿಗೂ ಬ್ಯಾಡ ಅಂದ್ರಿ" ಎಂದಳು. ಟಗರು ಹಾಯ್ದದ್ದಕ್ಕಿಂತ ಅದು ಹೆಚ್ಚು ನೋಯಿತು. ನಿಜವಾಗಿಯೂ ನಾಚಿಕೆಯಾಯಿತು.

"ಅಕ್ಕಾರ, ಅಳಬ್ಯಾಡ್ರಿ" ಎಂದ ಖಾಜಾಸಾಬ. "ನಾ ಬರ್ತೀನಿ. ಎಲ್ಲಾ ಕಣದ ಫೋಟೋ ನಾನ ಹಿಡಿಯೂದು. ನಮ್ಮ ಸುಲ್ತಾನನ ವಿಡಿಯೋ ಸೋಲಾಪುರ ಮಟ ಹೋಗ್ಯಾವು!"

ಗಿರಿಜಾ ಕೂಡಲೇ ಒಪ್ಪಿದಳು. ಆದರೆ ಸುಲ್ತಾನನನ್ನು ಒಂಟಿಯಾಗಿ ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಕಾರಟಗಿಯವರೆಗೆ ಅವನು ವ್ಯಾನಿನಲ್ಲಿ ನನ್ನ ಸೀಟಿನ ಹಿಂದೆಯೇ ನಿಂತಿದ್ದ. ಬಿಸಿ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಗಂಗಾವತಿಯಲ್ಲಿ ನನ್ನ ಚಪ್ಪಲಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತು. ಬಗ್ಗಿ ತೆಗೆಯುವ ಧೈರ್ಯ ನನಗಿರಲಿಲ್ಲ.

ನಿಶ್ಚಯದ ಮನೆ ಮುಟ್ಟುವಷ್ಟರಲ್ಲಿ ಬೀಗರು ಬಂದು ಕೂತಾಗಿತ್ತು. ಕೆಸರು ಮೆತ್ತಿದ ನನ್ನನ್ನು ಕಂಡು ಎಲ್ಲರೂ ಗಾಬರಿಯಾದರು. "ಸಣ್ಣ ಅಪಘಾತ" ಎಂದು ಗಂಭೀರವಾಗಿ ಆರಂಭಿಸಿದೆ. ಅಷ್ಟರಲ್ಲಿ, ಸುಲ್ತಾನನನ್ನು ಅಂಗಳದಲ್ಲಿ ಕಟ್ಟಿ ಬಂದ ಖಾಜಾಸಾಬನ ಮೊಬೈಲು ಕೈಯಿಂದ ಕೈಗೆ ಹೋಗತೊಡಗಿತ್ತು. ಹುಡುಗನ ಅಜ್ಜ ಕನ್ನಡಕ ತರಿಸಿಕೊಂಡು ನೋಡಿದರು. "ಮತ್ತೊಮ್ಮಿ ಹಚ್ಚಪಾ" ಎಂದರು. ಬಿಗಿದುಕೊಂಡು ಕೂತಿದ್ದ ಬೀಗರು ಹೊಟ್ಟೆ ಹಿಡಿದು ನಕ್ಕರು. ತಲೆ ತಗ್ಗಿಸಿ ಕೂತಿದ್ದ ಪೂಜಾ ನನ್ನ ಎರಡನೇ ಹಾರಾಟಕ್ಕೆ ಬಿದ್ದು ಬಿದ್ದು ನಕ್ಕಳು. ಅದೇ ಸಮಯ ನೋಡಿ ಖಾಜಾಸಾಬ ಮೊಬೈಲು ಕಸಿದುಕೊಂಡು ಕೆಲಸ ಶುರು ಮಾಡಿದ.

"ಹುಡುಗ ಈ ಕಡಿ, ಹುಡುಗಿ ಆ ಕಡಿ! ಎದುರಾಬದುರಾ ನಿಂದರ್ರಿ! ಕಣ್ಣಾಗ ಕಣ್ಣ ಇಡ್ರಿ! ಮಂದಿ ಹಿಂದ ಸರೀರಿ, ಜಾಗಾ ಬಿಡ್ರಿ! ಹಾಂ... ಈಗ ಬಿಡ್ರಿ!"

ಮುಂದಿನ ಫೋಟೋಕ್ಕೆ ಶರಣಪ್ಪ, ಹುಡುಗನ ಅಪ್ಪ ಇಬ್ಬರೂ ಹಾರ ಹಿಡಿದು ಹಣೆಗೆ ಹಣೆ ತಾಗುವಷ್ಟು ಹತ್ತಿರ ನಿಂತರು. ಊಟಕ್ಕೆ ಎಲ್ಲರೂ ಕೂತರು. ನಾನು ನಿಂತೇ ಉಂಡೆ. ಫೋಟೋಗಳು ಬಹಳ ಚೆನ್ನಾಗಿ ಬಂದವು. ಯಾವ ಫೋಟೋದಲ್ಲಿ ನೋಡಿದರೂ ಪೂಜಾ ನಗುತ್ತಿದ್ದಾಳೆ. ಗಿರಿಜಾಳ ತವರಿನ ಹೊಸ್ತಿಲು ಉಳಿಯಿತು.

ಮದುವೆಯ ಫೋಟೋಕ್ಕೆ ಶರಣಪ್ಪ ಖಾಜಾಸಾಬನಿಗೇ ಹೇಳಿದ. ನನಗೆ ಬರೀ ಅಕ್ಕಿಕಾಳು ಹಾಕಿ ಹರಸಲು ಬರಹೇಳಿದ. ಮದುವೆಗೆ ಹೊರಟು ಕಾರಟಗಿಯ ಬಳಿ ಬಂದಾಗ ರಸ್ತೆ ಪಕ್ಕದಲ್ಲೊಂದು ದೊಡ್ಡ ಫ್ಲೆಕ್ಸ್ ಕಂಡಿತು. ಬಂಡೆಯ ಮೇಲೆ ಸುಲ್ತಾನ್, ಬೆನ್ನ ಹಿಂದೆ ಬೆಳಗಿನ ಸೂರ್ಯ. ನಾನು ಕಿಟಕಿಯಿಂದ ತೆಗೆದ ಫೋಟೋ! ಕೇಳಿದನೆಂದು ಖಾಜಾಸಾಬನಿಗೆ ಕಳಿಸಿಕೊಟ್ಟಿದ್ದೆ. ನನ್ನ ಎದೆಯುಬ್ಬಿತು.

"ಗಿರಿಜಾ, ನೋಡು! ನಾ ತಗದ ಫೋಟೋ! ಊರ ಮಂದಿಯೆಲ್ಲಾ ನೋಡಾಕ ಹತ್ಯಾರ!"

ಗಿರಿಜಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಧಾನವಾಗಿ ಓದಿದಳು. "ಹೌದ್ರಿ. ನಿಮ್ಮನ್ನೂ ಹಾಕ್ಯಾರ!"

"ಎಲ್ಲಿ? ಎಲ್ಲಿ?"

ವ್ಯಾನು ನಿಲ್ಲಿಸಿ ಇಳಿದು ಓಡಿದೆ. ಫೋಟೋದ ಕೆಳಗೆ ಕೆಂಪು ಅಕ್ಷರಗಳಲ್ಲಿ ಹೀಗಿತ್ತು:

"ನಮ್ಮ ಸುಲ್ತಾನ್ ಸೋಲಿಸಿದ ಹೆಸರಾಂತ ಸರಿಜೋಡಿಗಳು: ಸಿಂಧನೂರಿನ ಡೈನಾಮೈಟ್, ಯಲಬುರ್ಗಾದ ಬುಲೆಟ್, ಕುಷ್ಟಗಿಯ ಕಿರಾಣಿ ಸಾವ್ಕಾರ (ಎರಡು ಸಲ)."