ಗಂಡು ಪಪ್ಪಾಯಿಯ ಹಸಿರು ದಾರ

ಸುಳ್ಳು ಹೇಳುವವರ ಮನೆಯಲ್ಲೇ ನಂಬಲಾಗದ ಸಂಗತಿಗಳು ಯಾಕೆ ನಡೆಯುತ್ತವೋ ಗೊತ್ತಿಲ್ಲ. ಸತ್ಯವಂತರ ಮನೆಯಲ್ಲಿ ನಡೆದಿದ್ದರೆ ನಾಲ್ಕು ಜನ ನಂಬುತ್ತಿದ್ದರು. ಆದರೆ ಅವು ವಿಳಾಸ ಹುಡುಕಿಕೊಂಡು ಬರುವುದು ಕುವೈತಿನ ಮಹಬೂಲಾದ ನಮ್ಮ ಕಟ್ಟಡಕ್ಕೇ. ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಯಾವುದೆಂದು ಈಗ ನನಗೂ ನೆನಪಿಲ್ಲ.

೧. ಎಲೆಯ ಫೋಟೊ

ಕುವೈತಿಗೆ ಬಂದು ಹತ್ತೊಂಬತ್ತು ವರ್ಷವಾದರೂ ನನ್ನ ಹೆಂಡತಿ ನೆಟ್ಟ ಒಂದು ಗಿಡವೂ ಕಾಯಿ ಕೊಟ್ಟಿರಲಿಲ್ಲ. ಬೆಂಡೆ ಬಿಸಿಲಿಗೆ ಸುಟ್ಟುಹೋಯಿತು, ಬದನೆ ಧೂಳಿಗೆ ಉಸಿರುಗಟ್ಟಿತು. “ಊರಲ್ಲಿ ನಾನು ಕೋಲು ಊರಿದರೂ ಚಿಗುರುತ್ತಿತ್ತು ಮಾರಾಯ್ರೆ. ಇಲ್ಲಿ ನನ್ನ ಕೈಗೇ ಏನೋ ಆಗಿದೆ” ಎನ್ನುತ್ತಿದ್ದಳು. ಅದನ್ನು ಅವಳು ತಮಾಷೆಗೆ ಹೇಳುತ್ತಿರಲಿಲ್ಲ.

ಹೀಗಿರುವಾಗ ಬಾಲ್ಕನಿಯ ಕೊತ್ತಂಬರಿ ಕುಂಡದಲ್ಲಿ ಒಂದು ಪಪ್ಪಾಯಿ ಸಸಿ ತಾನಾಗಿ ಹುಟ್ಟಿತು. ಎಳೆ ಎಲೆ ಐದು ಬೆರಳು ಚಾಚಿದಂತೆ ಚಂದ ಇತ್ತು. ನಾನು ಫೋಟೊ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದೆ: “ಮನೆಯಲ್ಲೇ ಬೆಳೆಸಿದ್ದು. ಸೊಪ್ಪು ಬೇಕಾದವರು ಗುಟ್ಟಾಗಿ ತಿಳಿಸಿ.”

ಈ ದೇಶದಲ್ಲಿ ಗಾಂಜಾ ಎಂಬ ಎರಡಕ್ಷರ ಜೋರಾಗಿ ಆಡಿದರೇ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಐದು ನಿಮಿಷದಲ್ಲಿ ಹದಿನೇಳು ಜನ ಗುಂಪು ಬಿಟ್ಟರು. ಮೈದಾನ್ ಹವಲ್ಲಿಯಲ್ಲಿರುವ ನನ್ನ ಆಪ್ತ ಸ್ನೇಹಿತ ಫೋನ್ ಮಾಡಿ, ತನ್ನ ನಂಬರು ಅಳಿಸಿಬಿಡು, ಹೆಂಡತಿ ಮಕ್ಕಳಿದ್ದಾರೆ ಎಂದ. ಪಪ್ಪಾಯಿ ಎಂದು ನಾನು ವಿವರಿಸುವ ಹೊತ್ತಿಗೆ ಗುಂಪಿನಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಮ್ಯಾನೇಜರು. ಅವರು ಕೇಳಿದ್ದು ಒಂದೇ: “ಗೊಬ್ಬರಕ್ಕೆ ಏನು ಹಾಕುತ್ತೀರಿ?”

೨. ಪರೀಕ್ಷೆ

ಕುಂಡ ಸಾಲದಾದಾಗ ಗಿಡವನ್ನು ಅರ್ಧ ಕೊಯ್ದ ನೀಲಿ ಡ್ರಮ್ಮಿಗೆ ಹಾಕಿ ತಾರಸಿಗೆ ಸಾಗಿಸಿದೆವು. ಬೇಸಿಗೆಯಲ್ಲಿ ನನ್ನ ಹೆಂಡತಿ ಹಳೆಯ ಬೆಡ್‌ಶೀಟಿನ ಚಪ್ಪರ ಕಟ್ಟಿ, ಅಕ್ಕಿ ತೊಳೆದ ನೀರು ಹೊತ್ತು ಅದನ್ನು ಉಳಿಸಿಕೊಂಡಳು. ಎರಡನೇ ವರ್ಷ ಹೂ ಬಂತು, ಉದ್ದುದ್ದ ದಂಟಿನಲ್ಲಿ ಮಾಲೆ ಮಾಲೆಯಾಗಿ. ಹೆಂಡತಿಯ ಸಂಭ್ರಮ ಹೇಳತೀರದು.

ನಾಲ್ಕನೇ ಮಾಳಿಗೆಯಲ್ಲಿ ನಮ್ಮೂರ ಕಡೆಯ ಕೊಂಕಣಿ ನರ್ಸ್ ಒಬ್ಬರಿದ್ದಾರೆ, ಎಲ್ಲರ ಬಾಯಲ್ಲೂ ‘ನರ್ಸ್ ಬಾಯಿ’, ಹೆರಿಗೆ ವಾರ್ಡಿನಲ್ಲೇ ಆಯುಷ್ಯ ಕಳೆದವರು. ಅವರು ಕನ್ನಡಕ ಏರಿಸಿ ಹೂಗೊಂಚಲನ್ನು ಎತ್ತಿ ನೋಡಿದರು. ನನ್ನ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

“ಗಂಡು,” ಎಂದರು ಬಾಯಿ. ಆಮೇಲೆ ಅಭ್ಯಾಸಬಲದಿಂದ ಸೇರಿಸಿದರು, “ಅಭಿನಂದನೆಗಳು.”

೩. ಕತ್ತಿ

ಗಂಡು ಮರ ಕಾಯಿ ಬಿಡುವುದಿಲ್ಲ. ಕಟ್ಟಡ ನೋಡಿಕೊಳ್ಳುವ ಹಾರಿಸ್, ಈಜಿಪ್ಟಿನ ರೈತರ ಮನೆಯವನು, ಅವನಿಗೂ ಅದು ಗೊತ್ತಿತ್ತು. ಚಳಿಗಾಲ ಮುಗಿಯುವುದರೊಳಗೆ ತಾರಸಿ ಖಾಲಿ ಮಾಡಿಸಿ ಬಣ್ಣ ಬಳಿಸಲು ಮಾಲೀಕರು ಬರುವವರಿದ್ದರು. ಹಾರಿಸ್ ನ್ಯಾಯವಾಗಿಯೇ ಹೇಳಿದ: ಕಾಯಿ ಇದ್ದರೆ ಮರ ಉಳಿಸಿ ಎಂದು ಕೇಳಲು ನನಗೊಂದು ಬಾಯಿ ಇರುತ್ತದೆ. ಇಲ್ಲದಿದ್ದರೆ ಕಡಿದು ಖಲಾಸ್.

ಊರಲ್ಲಿ ಇದಕ್ಕೊಂದು ಕ್ರಮ ಉಂಟು. ಕಾಯಿ ಬಿಡದ ಮರಕ್ಕೆ ಒಬ್ಬರು ಕತ್ತಿ ತೋರಿಸಿ ಗದರಬೇಕು, ಇನ್ನೊಬ್ಬರು ಮರದ ಪರವಾಗಿ ಬೇಡಿಕೊಳ್ಳಬೇಕು. ಒಂದು ಶುಕ್ರವಾರ ಬೆಳಿಗ್ಗೆ ನಾನು ಮೀನು ಕೊಯ್ಯುವ ಕತ್ತಿ ಎತ್ತಿ, “ಈ ಸಲ ಕೊಡದಿದ್ದರೆ ಕಡಿದು ಹಾಕುತ್ತೇನೆ” ಎಂದು ಅಬ್ಬರಿಸಿದೆ. ಹೆಂಡತಿ ಕೈಮುಗಿದು, ಇದೊಂದು ಸಲ ಬಿಟ್ಟುಬಿಡಿ, ಕೊಟ್ಟೇ ಕೊಡುತ್ತದೆ ಎಂದು ಬೇಡಿಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಮೆಟ್ಟಿಲು ಹತ್ತಿ ಬಂದ ಹಾರಿಸನಿಗೆ ಕಂಡದ್ದು ಕತ್ತಿ ಹಿಡಿದ ಗಂಡ, ಅಳುವ ಹೆಂಡತಿ. ಅವನು ನನ್ನನ್ನು ಹಿಂದಿನಿಂದ ತಬ್ಬಿ ನೆಲಕ್ಕೆ ಕೆಡವಿದ. ನರ್ಸ್ ಬಾಯಿ ಬಂದು ತಮ್ಮ ಆಸ್ಪತ್ರೆ ಅರಬಿಯಲ್ಲಿ ಎಲ್ಲವನ್ನೂ ವಿವರಿಸಿದರು. ಅವನು ನನ್ನನ್ನು ನೋಡಿದ, ಮರವನ್ನು ನೋಡಿದ, ಕತ್ತಿಯನ್ನು ಮಾತ್ರ ಹಿಂದೆ ಕೊಡಲಿಲ್ಲ.

ಮರ ಹೆದರಿತೋ ಇಲ್ಲವೋ, ಅಂದಿನಿಂದ ಲಿಫ್ಟಿನಲ್ಲಿ ನನ್ನ ಜೊತೆ ಯಾರೂ ಹತ್ತುವುದಿಲ್ಲ.

೪. ಪವಾಡ

ಹೆಂಡತಿಯ ಬೇಸರ ನೋಡಲಾಗದೆ ನಾನು ಬಕಾಲಾದಿಂದ, ಅಂದರೆ ಕೆಳಗಿನ ಚಿಲ್ಲರೆ ಅಂಗಡಿಯಿಂದ, ಒಂದು ಹಸಿರು ಪಪ್ಪಾಯಿ ತಂದೆ. ಅವಳು ಸೀರೆಗೆ ಫಾಲ್ ಹೊಲಿಯುವ ಹಸಿರು ದಾರದಿಂದ ಅದನ್ನು ಮರಕ್ಕೆ ಕಟ್ಟಿದೆ. ನಕ್ಕು ಬಿಡುತ್ತಾಳೆ ಅಂದುಕೊಂಡಿದ್ದೆ.

ಅವಳು ನಗಲಿಲ್ಲ. ಡ್ರಮ್ಮಿನ ಪಕ್ಕ ಕುಳಿತು ಅತ್ತಳು. ಊರಿಗೆ ವಿಡಿಯೊ ಕಾಲ್ ಹೋಯಿತು, ಪಾಯಸವಾಯಿತು. ನಿಜ ಹೇಳೋಣ ಎಂದು ಬಾಯಿ ತೆರೆದಾಗಲೆಲ್ಲ ಬಾಯಿಗೆ ಪಾಯಸ ಬೀಳುತ್ತಿತ್ತು. ಕೊನೆಗೆ ನರ್ಸ್ ಬಾಯಿ ಬಗ್ಗಿ, ಕಾಯಿಯ ಹಿಂಬದಿಯ ಸ್ಟಿಕ್ಕರ್ ಓದಿ ಮೆಲ್ಲಗೆ ಹೇಳಿದರು:

“ತಾಯಿ ಇಲ್ಲಿಯದೇ. ಆದರೆ ಮಗು ಹುಟ್ಟಿದ್ದು ಶ್ರೀಲಂಕಾದಲ್ಲಿ.”

ಹನ್ನೊಂದು ದಿನ ಹೆಂಡತಿ ನನ್ನ ಹತ್ತಿರ ಮಾತಾಡಲಿಲ್ಲ. ಹನ್ನೆರಡನೆಯ ದಿನ ಆಡಿದ್ದು ಇಷ್ಟು: “ಇನ್ನು ನೀವು ಬೆಳಗಾಯಿತು ಅಂದರೂ ನಾನು ಕಿಟಕಿ ತೆರೆದು ನೋಡಿಯೇ ಏಳುವುದು.”

೫. ದಾರ

ಜನವರಿಯ ಚಳಿ. ಮರುದಿನ ಮಾಲೀಕರು ಬರುತ್ತಾರೆಂದು ಹಾರಿಸ್ ಹೇಳಿ ಹೋಗಿದ್ದ. ಮರಕ್ಕೆ ಕೊನೆಯ ನೀರು ಹಾಕೋಣವೆಂದು ತಾರಸಿಗೆ ಹೋದೆ. ಆ ಉದ್ದ ದಂಟಿನ ತುದಿಯಲ್ಲಿ, ಒಣಗಿದ ಗಂಡು ಹೂಗಳ ನಡುವೆ, ಒಂದು ಕಾಯಿ ತೂಗುತ್ತಿತ್ತು. ಮುಷ್ಟಿಯಷ್ಟು ದಪ್ಪ, ತುದಿ ಚೂಪು. ಬೇಸಿಗೆ ಕಳೆದರೂ ಬಿಚ್ಚದ ಬೆಡ್‌ಶೀಟಿನ ಮರೆಯಲ್ಲಿ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚಳಿ ಬಿದ್ದಾಗ ಕೆಲವು ಗಂಡು ಮರಗಳು ಒಂದೇ ಹೂವಿನಲ್ಲಿ ಹೆಣ್ಣನ್ನೂ ಅರಳಿಸಿಕೊಂಡು ಕಾಯಿ ಕಟ್ಟುತ್ತವೆ ಎಂದು ಆಮೇಲೆ ಓದಿ ತಿಳಿದೆ. ಆಗ ಅದೇನೂ ಗೊತ್ತಿರಲಿಲ್ಲ. ಧೂಳು, ಉಪ್ಪುಗಾಳಿ, ಆ ಬೇಸಿಗೆ, ನನ್ನ ಕತ್ತಿ, ಇಷ್ಟೆಲ್ಲ ಕಂಡ ಒಂದು ಗಂಡು ಮರ ಯಾರಿಗೂ ಹೇಳದೆ ತಾಯಿಯಾಗಿತ್ತು. ನಾನು ಚಪ್ಪಲಿ ಕಳಚಿ ನಿಂತೆ.

ಹೋಗಿ ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆಯಿಂದ ತಲೆ ಎತ್ತಲಿಲ್ಲ. ನರ್ಸ್ ಬಾಯಿಗೆ ಹೇಳಿದೆ. ಈ ಸಲ ಯಾವ ದೇಶದ್ದು ಎಂದು ಕೇಳಿದರು. ಹಾರಿಸ್ ಬಂದು ನೋಡಿ, ಗಂಡು ಮರದಲ್ಲಿ ಇದು ಸಾಧ್ಯವೇ ಇಲ್ಲ ಎಂದು ತಲೆಯಾಡಿಸಿದ. ಕೊನೆಗೆ ಎಲ್ಲರೂ ತಾರಸಿಗೆ ಬಂದರು, ನನ್ನ ಸುಳ್ಳು ಹಿಡಿಯಲು.

ಹೆಂಡತಿ ಸ್ಟಿಕ್ಕರ್ ಹುಡುಕಿದಳು. ಇರಲಿಲ್ಲ. ದಾರ ಹುಡುಕಿದಳು. ಇರಲಿಲ್ಲ. “ಅಂಟು ಹಾಕಿದ್ದೀರಿ” ಎಂದು ಕಾಯಿಯನ್ನು ಹಿಡಿದು ಒಮ್ಮೆ ಎಳೆದಳು.

ಚಟ್ ಎಂದಿತು. ಮುರಿದ ದಂಟಿನಿಂದ ಬೆಳ್ಳನೆಯ ಹಾಲು ತೊಟ್ಟಿಕ್ಕಿ ಅವಳ ಮುಂಗೈ ಮೇಲೆ ಹರಿಯಿತು.

ಹಾರಿಸ್ “ಸುಬ್ಹಾನಲ್ಲಾ” ಎಂದ. ಇಪ್ಪತ್ತೊಂದು ವರ್ಷದಲ್ಲಿ ಅವಳ ಕೈಯಿಂದ ಆದ ಮೊದಲ ಕಾಯಿ ಅವಳ ಕೈಯಲ್ಲೇ ಇತ್ತು, ಮರದಲ್ಲಿ ಇರಲಿಲ್ಲ, ಮಾಲೀಕರು ಬರುವುದು ನಾಳೆ. ಅವಳು ಆ ಹಾಲನ್ನು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು, “ಆ ದಿನದ ದಾರ ಎಲ್ಲಿಟ್ಟಿದ್ದೀರಿ?”

ಹೀಗೆ ಹೆಂಡತಿಯ ಅಪ್ಪಣೆಯಂತೆ, ನರ್ಸ್ ಬಾಯಿಯ ಕತ್ತರಿಯಿಂದ ದಾರ ತುಂಡರಿಸಿ, ಹಾರಿಸ್ ಹಿಡಿದ ಏಣಿಯ ಮೇಲೆ ನಿಂತು, ಅದೇ ಮರದ ಕಾಯಿಯನ್ನು ಅದೇ ಮರಕ್ಕೆ ಕಟ್ಟಿದೆ.

ಮರುದಿನ ಮಾಲೀಕರು ಬಂದರು, ಜಪಮಾಲೆ ಹಿಡಿದ ವೃದ್ಧರು. ಹಾರಿಸ್ ಹೇಳಿದ್ದನ್ನು ಕೇಳಿ ಮಾಶಾಅಲ್ಲಾ ಎನ್ನುತ್ತ ಕಾಯಿಯ ಕೆಳಗೆ ಅಂಗೈ ಒಡ್ಡಿದರು. ಗಂಟು ಬಿಚ್ಚಿತು. ಕಾಯಿ ಮೆತ್ತಗೆ ಅವರ ಅಂಗೈಯಲ್ಲಿ ಬಂದು ಕುಳಿತಿತು.

ವೃದ್ಧರ ಕಣ್ಣು ತುಂಬಿತು. ಮರ ತಾನಾಗಿ ಕೊಟ್ಟಿದೆ, ಇದನ್ನು ಯಾರೂ ಮುಟ್ಟಕೂಡದು, ಬಣ್ಣ ಸುತ್ತಲೂ ಬಳಿಯಿರಿ ಎಂದು ಹೇಳಿ, ಕಾಯಿಯನ್ನು ಎದೆಗವುಚಿಕೊಂಡು ಲಿಫ್ಟ್ ಹತ್ತಿದರು. ತೊಟ್ಟಿನಿಂದ ಒಂದು ಗೇಣು ಹಸಿರು ದಾರ ನೇತಾಡುತ್ತಿತ್ತು.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಜೀವಮಾನ ಇಡೀ ಸುಳ್ಳಿನಲ್ಲೇ ಕಳೆದಿದ್ದೀರಿ. ಒಂದು ಗಂಟು ಸರಿಯಾಗಿ ಹಾಕಲು ಕಲಿಯಲಿಲ್ಲವಾ?”