ಬಸುರಿ ನಾಯಕನೂ ನನ್ನ ನೌಕರಿಯೂ

ಟೀವಿಯಲ್ಲಿ ಯಾರಿಗೋ ಏನೋ ಆದರೆ ನಮ್ಮ ಮನೆಯಲ್ಲಿ ಇನ್ಯಾರೋ ಅನುಭವಿಸುವುದು ಹೊಸದಲ್ಲ. ಧಾರಾವಾಹಿಯ ಸೊಸೆ ಅತ್ತ ದಿನ ನಮ್ಮ ಸಾರಿಗೆ ಉಪ್ಪು ಬೀಳುವುದಿಲ್ಲ. ಎರಡು ಸಾವಿರದ ದಶಕದಲ್ಲಿ, ಚೆನ್ನೈನ ವೇಲಚೇರಿಯ ಫ್ಲ್ಯಾಟಿನಲ್ಲಿ ನಾನು ಬಸುರಿಯಾದಾಗಲಂತೂ, ನನಗಿಂತ ಮೊದಲೇ ಟೀವಿಯಲ್ಲಿ ಒಬ್ಬ ಗಂಡಸು ಬಸುರಿಯಾಗಿ ಕೂತಿದ್ದ.

೧. ಓದಿದ ಹುಡುಗ

ಕೇಬಲ್‌ನವನು ಸಂಜೆ ಹಾಕುತ್ತಿದ್ದ ಧಾರಾವಾಹಿ ಅದು. ಪೂರ್ವದ ಯಾವುದೋ ದೇಶದ್ದು, ತಮಿಳಿಗೆ ಡಬ್ ಆಗಿತ್ತು. ನಾಯಕ ಬಾಯಿ ಮುಚ್ಚಿದ ಮೇಲೂ ತಮಿಳು ಬರುತ್ತಲೇ ಇತ್ತು. ಅದರಲ್ಲಿ ಹೆಂಗಸರು ಆಫೀಸಿಗೆ ಹೋಗುತ್ತಾರೆ, ಗಂಡಸರು ಅಡುಗೆ ಮಾಡುತ್ತಾರೆ, ಮಕ್ಕಳನ್ನೂ ಹೆರುತ್ತಾರೆ. ಮಂಡ್ಯದಿಂದ ಬಂದು ಟೀವಿಯಿಂದಲೇ ತಮಿಳು ಕಲಿತ ನಮ್ಮತ್ತೆಗೆ ಅದೆಂದರೆ ಪ್ರಾಣ.

ನನಗೆ ಪ್ರಾಣ ಅಂಬತ್ತೂರಿನ ಕಾರ್ಖಾನೆಯಲ್ಲಿದ್ದ ನನ್ನ ಇಂಜಿನಿಯರ್ ಕೆಲಸ. ಹೆರಿಗೆಯಾದ ಮೇಲೆ ನಾನು ಅದನ್ನು ಬಿಡಬೇಕೆಂದು ಅತ್ತೆ ತೀರ್ಮಾನಿಸಿಯಾಗಿತ್ತು. ನಮ್ಮ ಯಜಮಾನರು ತಲೆಯಾಡಿಸಿಯೂ ಆಗಿತ್ತು.

ಒಂದು ಸಂಜೆ ಧಾರಾವಾಹಿಯ ಅತ್ತೆ, ಬಸುರಿ ಅಳಿಯನಿಗೆ ಕೆಲಸ ಬಿಡು ಎಂದಳು. ನಮ್ಮತ್ತೆ ಕಾಫಿ ಲೋಟ ಕುಕ್ಕಿದರು. "ಓದಿರೋ ಹುಡುಗ. ಬಸುರಾದ ಅಂತ ಮನೇಲಿ ಕೂರಬೇಕಾ? ಮನೆಹಾಳಿ."

"ನಂಗೂ ಅದನ್ನೇ ಅಲ್ವಾ ಅಮ್ಮ ನೀವು ಹೇಳಿದ್ದು?" ಎಂದೆ.

"ನೀನು ಹೆಂಗಸು ಕಣೆ. ನಿಂಗೆ ಅಭ್ಯಾಸ ಆಗತ್ತೆ."

೨. ಮರ್ಯಾದೆಯ ಪ್ರಶ್ನೆ

ನಮ್ಮ ಬೀದಿಯ ಸಸ್ಯಾಹಾರಿ ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ಗಲ್ಲಾದ ಮೇಲಿನ ಟೀವಿಯಲ್ಲಿ ಅವರೂ ಅದೇ ಧಾರಾವಾಹಿ ನೋಡಿ ಬೈಯುತ್ತಿದ್ದರು. ಬೈಯಲಿಕ್ಕಾಗಿಯೇ ಒಂದು ಸಂಚಿಕೆಯನ್ನೂ ತಪ್ಪಿಸುತ್ತಿರಲಿಲ್ಲ.

"ಎಂತ ಅವಸ್ಥೆ ಮಾರಾಯ್ರೆ. ಗಂಡಸ್ರು ಸೌಟು ಹಿಡಿಯುದಾ? ಮರ್ಯಾದೆ ಉಂಟಾ?"

ಅವರ ಬೆನ್ನ ಹಿಂದೆ ಒಬ್ಬ ದೋಸೆ ಮಗುಚುತ್ತಿದ್ದ, ಒಬ್ಬ ಚಟ್ನಿ ರುಬ್ಬುತ್ತಿದ್ದ, ಮೀಸೆಯ ಮತ್ತೊಬ್ಬ ಬೀನ್ಸ್ ಹೆಚ್ಚುತ್ತಿದ್ದ. ಹೋಟೆಲು ಶುರುವಾದಾಗಿನಿಂದ ಆ ಅಡುಗೆಮನೆಗೆ ಹೆಂಗಸಿನ ಗಾಳಿಯೂ ಸೋಕಿರಲಿಲ್ಲ.

"ಮತ್ತೆ ಇವರೆಲ್ಲ ಏನು ಮಾಡ್ತಿದಾರೆ?" ಎಂದೆ.

ಅವರು ಹಿಂದೆ ತಿರುಗಿ ನೋಡಿದರು. "ಇದು ಅಡುಗೆ ಅಲ್ಲ ಅಮ್ಮ, ಡ್ಯೂಟಿ."

"ಮನೇಲಿ ಒಂದು ದಿನ ಮಾಡಿ ನೋಡಿ."

"ಛೆ, ಮನೆ ಅಡುಗೆ ನಂಗೆ ಬರುದಿಲ್ಲ. ಐನೂರು ಜನಕ್ಕಾದ್ರೆ ಹೇಳಿ."

೩. ಯಾರಿಗೆ ಅವಸರ

ನಾಯಕನ ಹೆರಿಗೆಯ ಸಂಚಿಕೆ ಬಂತು. ಅತ್ತೆಯೂ ಯಜಮಾನರೂ ಟೀವಿಗೆ ಮೂಗು ತಾಗಿಸಿ ಕೂತಿದ್ದರು. ಅಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

"ಅಮ್ಮಾ, ನೋವು ಶುರುವಾಯ್ತು" ಎಂದೆ.

"ಹೂಂ ಕಣೆ, ಆಗ್ಲಿಂದ ಒದ್ದಾಡ್ತಿದಾನೆ ಪಾಪ" ಎಂದರು ಅತ್ತೆ, ಕಣ್ಣು ಕೀಳದೆ.

ನಾನು ಸೋಫಾ ಹಿಡಿದು ಕಿರುಚಿದ ಮೇಲೆ ಯಜಮಾನರು ಆಟೋ ತರಲು ಓಡಿದರು. ಆಟೋ ಹತ್ತುವಾಗ ಎದುರು ಮನೆ ಮಾಮಿ ಏನಾಯಿತೆಂದು ಕೇಳಿದರು. ಅತ್ತೆ ನಿಟ್ಟುಸಿರು ಬಿಟ್ಟರು. "ಏನ್ ಹೇಳೋದು ಮಾಮಿ, ಅವನಿಗಿನ್ನೂ ಆಗಿಲ್ಲ, ಅಷ್ಟರಲ್ಲಿ ಇವಳಿಗೆ ಅವಸರ."

೪. ಬಾಣಂತನ

ನರ್ಸಿಂಗ್ ಹೋಮಿನ ಡಾಕ್ಟರಮ್ಮ, ಗಂಡನೂ ಒಳಗೆ ಬರಬಹುದು ಎಂದರು. ಯಜಮಾನರು "ಎಲ್ಲ ಸೀರಿಯಲ್‌ನಲ್ಲಿ ನೋಡಿದೀನಿ" ಎನ್ನುತ್ತ ಎದೆಯುಬ್ಬಿಸಿ ಬಂದರು. ಸ್ವಲ್ಪ ಹೊತ್ತಿಗೇ ತಲೆ ಸುತ್ತಿ ಬಿದ್ದು ಸ್ಟೂಲಿಗೆ ಹಣೆ ಬಡಿದುಕೊಂಡರು. ನಾನು ಮಗಳನ್ನು ಹೆತ್ತು ವಾರ್ಡಿಗೆ ಬಂದಾಗ ಪಕ್ಕದ ಮಂಚದಲ್ಲಿ ಅವರು, ಹಣೆಗೆ ಬ್ಯಾಂಡೇಜು. ಅತ್ತೆ ಅವರಿಗೆ ಎಳನೀರು ಕುಡಿಸುತ್ತಿದ್ದರು.

"ಇವನಿಗೆ ಹೊಲಿಗೆ ಬಿದ್ದಿದೆ ಕಣೆ" ಎಂದರು ಅತ್ತೆ.

"ನಂಗೂ ಬಿದ್ದಿದೆ."

"ನಿಂದು ಕಾಣ್ಸಲ್ಲ ಬಿಡು."

ನನ್ನಮ್ಮ ಕಳಿಸಿದ ಬಾಣಂತಿ ಲೇಹ್ಯದಲ್ಲಿ ಅರ್ಧ ಯಜಮಾನರ ಹೊಟ್ಟೆ ಸೇರಿತು. ಶೀತವಾದೀತೆಂದು ಅತ್ತೆ ಅವರ ಕಿವಿಗೂ ಮಫ್ಲರು ಸುತ್ತಿದರು, ಚೆನ್ನೈ ಸೆಕೆಯಲ್ಲಿ. ಅವರದು ಬ್ಯಾಂಕ್ ನೌಕರಿ, ಕೂಡಿಟ್ಟ ರಜೆ ಬೇಕಾದಷ್ಟಿತ್ತು. ಹಾಕಿದ ರಜೆ ಮುಗಿಯುವ ಹೊತ್ತಿಗೆಲ್ಲ ಅವರಿಗೆ ತಲೆ ಸುತ್ತುತ್ತಿತ್ತು, ರಜೆ ಬೆಳೆಯುತ್ತಿತ್ತು. ಆದರೆ ಮಗಳು ಅವರ ಎದೆಯ ಮೇಲಲ್ಲದೆ ನಿದ್ದೆ ಮಾಡುತ್ತಿರಲಿಲ್ಲ ಎನ್ನುವುದೂ ನಿಜ. ನೋಡಿ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಮನಸ್ಸೂ ತುಂಬಿ ಬರುತ್ತಿತ್ತು.

ನನ್ನ ರಜೆ ಮುಗಿದ ದಿನ, ಕೆಲಸಕ್ಕೆ ಹೋಗಿಯೇ ತೀರುತ್ತೇನೆಂದು ಜಗಳಕ್ಕೆ ಸಿದ್ಧವಾಗಿ ಅಡುಗೆಮನೆಗೆ ಹೋದೆ. ಅತ್ತೆ ಆಗಲೇ ನನ್ನ ಡಬ್ಬಿಗೆ ಮೊಸರನ್ನ ತುಂಬುತ್ತಿದ್ದರು. "ಇಬ್ಬರೂ ಮನೇಲಿ ಕೂತ್ರೆ ಆಗತ್ತಾ? ಬಸ್ ಬರತ್ತೆ, ಹೊರಡು."

ಕಂಪನಿ ಬಸ್ಸಿಗೆ ಓಡುತ್ತಿದ್ದ ನನ್ನನ್ನು ಕಂಡು ಎದುರು ಮನೆ ಮಾಮಿ, ಇಷ್ಟು ಬೇಗ ಕೆಲಸಕ್ಕೆ ಕಳಿಸುತ್ತಿದ್ದೀರಾ ಎಂದು ಅತ್ತೆಯನ್ನು ಕೇಳುವುದು ಕೇಳಿಸಿತು.

ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು: "ಇವಳಿಗೇನು ಮಾಮಿ, ಗಟ್ಟಿ ಜೀವ. ನಮ್ಮ ಹುಡುಗನ ಬಾಣಂತನವೇ ಇನ್ನೂ ಮುಗಿದಿಲ್ಲ."